ಹನ್ನೆರಡು ಬ್ರೆಡ್ಡಿನ ಶನಿವಾರ

ದಿನಚರಿಯ ಪುಟಗಳು, ಧಾರವಾಡ

2024 ಫೆಬ್ರವರಿ 11, ಭಾನುವಾರ

ಆಹಾರ ಸುರಕ್ಷತೆಯ ನೋಂದಣಿ ಪತ್ರ ಕೈಗೆ ಬಂತು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದ ಸಣ್ಣ ಉದ್ಯೋಗಕ್ಕೆ ಸಾಲುವ ಮೂಲ ನೋಂದಣಿ, ವರ್ಷಕ್ಕೆ 100 ರೂಪಾಯಿ ಶುಲ್ಕ, ಹದಿನಾಲ್ಕು ಅಂಕಿಯ ಒಂದು ಸಂಖ್ಯೆ. ಇಷ್ಟು ದಿನ ಮನೆಗೂ ನೆರೆಗೂ ಮಾಡಿಕೊಡುತ್ತಿದ್ದ ಹುಳಿ ಹುದುಗಿನ ಸಾವರ್‌ಡೋ ಬ್ರೆಡ್ಡನ್ನು ಇನ್ನು ಬೆಲೆ ಕಟ್ಟಿ ಮಾರಬಹುದು.

ಊಟವಾದ ಮೇಲೆ ಇವರೂ ನಾನೂ ಕೂತು ಲೆಕ್ಕ ಹಾಕಿದೆವು. ನಮ್ಮ ಓವನ್ನಿನಲ್ಲಿ ಮುಚ್ಚಳದ ಬೀಡಿನ ಪಾತ್ರೆ ಎರಡು ಪಕ್ಕಪಕ್ಕ ಕೂರುತ್ತವೆ. ಒಂದು ಜೋಡಿ ಬೇಯಲು 45 ನಿಮಿಷ, ಪಾತ್ರೆ ಮತ್ತೆ ಕಾಯಲು ಹತ್ತು ನಿಮಿಷ. ನಸುಕಿನ ಮೂರೂವರೆಗೆ ಓವನ್ ಹಚ್ಚಿದರೆ ಹತ್ತು ಗಂಟೆಯ ಒಳಗೆ ಆರು ಜೋಡಿ, ಅಂದರೆ ಹನ್ನೆರಡು ಬ್ರೆಡ್ಡು. ಅದಕ್ಕಿಂತ ಹೆಚ್ಚು ಕಣಕವನ್ನು ನನ್ನ ಕೈ ನಾದಲಾರದು. ರಾತ್ರಿಯಿಡೀ ಅದನ್ನು ತಣ್ಣಗಿಡಲು ಫ್ರಿಜ್ಜಿನಲ್ಲಿ ಜಾಗವೂ ಇಲ್ಲ. ವಾರಕ್ಕೆ ಒಂದು ದಿನ, ಶನಿವಾರ ಎಂದು ಗೊತ್ತುಮಾಡಿದೆವು.

ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದಳು, “ಅವ್ವಾ, ಮಂದಿಗೆ ಗೊತ್ತಾಗೋದು ಹ್ಯಾಂಗ? ಪ್ರಚಾರ ಬೇಕಲ್ಲ?” ಬೇಕು, ನಿಜ. ಎಷ್ಟು ಬೇಕು ಎನ್ನುವುದನ್ನು ಮಾತ್ರ ಓವನ್ ಹೇಳಬೇಕು. ಹನ್ನೆರಡು ಬ್ರೆಡ್ಡಿಗೆ ಎಷ್ಟು ಕೂಗಬೇಕೋ ಅಷ್ಟು ಕೂಗಿದರೆ ಸಾಕು.

2024 ಫೆಬ್ರವರಿ 25, ಭಾನುವಾರ

ಹಿಟ್ಟಿನ ಪ್ರಶ್ನೆ ಇತ್ಯರ್ಥವಾಯಿತು. ಪಶ್ಚಿಮದ ಪುಸ್ತಕಗಳು ಹೇಳುವ ಬ್ರೆಡ್ಡಿನ ಹಿಟ್ಟಿನಲ್ಲಿ ಪ್ರೋಟೀನು ಶೇಕಡಾ 12ಕ್ಕೂ ಹೆಚ್ಚು. ನಮ್ಮ ಪೇಟೆಯ ಮೈದಾದಲ್ಲಿ ಅದು ಸಾಮಾನ್ಯವಾಗಿ 10ರ ಆಸುಪಾಸು. ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟಿನಲ್ಲಿ ಪ್ರೋಟೀನು ಸಾಕಷ್ಟಿದೆ. ಆದರೆ ಕಲ್ಲಿನ ಒತ್ತಡಕ್ಕೆ ಪಿಷ್ಟದ ಕಣಗಳು ಒಡೆದಿರುತ್ತವೆ. ಒಡೆದ ಪಿಷ್ಟ ನೀರು ಹೆಚ್ಚು ಕುಡಿಯುತ್ತದೆ, ಬೇಗ ಸಕ್ಕರೆಯಾಗಿ ಕರಗುತ್ತದೆ. ಚಪಾತಿ ಮೆತ್ತಗೆ ಬರುವುದು ಇದೇ ಗುಣದಿಂದ. ಬ್ರೆಡ್ಡಿಗೆ ಅದನ್ನೇ ಪೂರ್ತಿ ಹಾಕಿದರೆ ಒಳತಿರುಳು ಅಂಟಂಟಾಗುತ್ತದೆ.

ಇನ್ನೊಂದು ಜವೆ ಗೋಧಿ, ಗಡಿಯಾಚೆಯವರ ಖಪಲಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡದ ಹೊಲಗಳಲ್ಲಿ ಇಂದಿಗೂ ಉಳಿದಿರುವ ಬಹು ಪುರಾತನ ಗೋಧಿ. ಮನುಷ್ಯ ಮೊಟ್ಟಮೊದಲು ಒಕ್ಕಲುತನಕ್ಕೆ ತಂದ ಬೆಳೆಗಳಲ್ಲಿ ಇದೂ ಒಂದು. ಪ್ರಾಚೀನ ಈಜಿಪ್ಟಿನವರು ರೊಟ್ಟಿ ಮಾಡುತ್ತಿದ್ದದ್ದೂ ಇದರಿಂದಲೇ. ಹೊಟ್ಟು ಕಾಳನ್ನು ಬಿಗಿಯಾಗಿ ಹಿಡಿದಿರುತ್ತದೆ, ಕುಟ್ಟಿ ಬಿಡಿಸಬೇಕು. ಇದರ ಗ್ಲುಟೆನ್ ಮೃದು. ಹಿಟ್ಟನ್ನು ಜಗ್ಗಿದರೆ ಮೈದಾದ ಹಾಗೆ ಹಿಗ್ಗದೆ ಹರಿಯುತ್ತದೆ.

ಗಿರಣಿಯವ ಕೇಳಿದ, “ಅಕ್ಕಾರ, ಜವಿ ಗೋದಿ ಹುಗ್ಗಿಗೆ, ಮಾದಲಿಗೆ ಛಲೋ. ಬ್ರೆಡ್ಡಿಗೆ ಯಾಕ್ರಿ?” ರುಚಿಗೆ ಎಂದೆ. ಬೆಂದಾಗ ಬರುವ ಕಂಪು, ಬಾಯಲ್ಲಿ ಉಳಿಯುವ ತೆಳು ಸಿಹಿ ಬೇರೆ ಯಾವ ಗೋಧಿಗೂ ಇಲ್ಲ.

ಅಳತೆ ಹೀಗೆ ನಿಂತಿದೆ: ನೂರು ಪಾಲು ಹಿಟ್ಟಿನಲ್ಲಿ ಮೈದಾ 60, ಗಿರಣಿ ಗೋಧಿ 25, ಜವೆ 15. ಅದಕ್ಕೆ ನೀರು 72, ಉಪ್ಪು 2, ಹುಳಿ ಹೆಪ್ಪು ಅಂದರೆ ಸ್ಟಾರ್ಟರ್ 20. ಬೇಕರಿಯವರು ಎಲ್ಲವನ್ನೂ ಹಿಟ್ಟಿನ ತೂಕದ ಮೇಲೆಯೇ ಹೇಳುತ್ತಾರೆ; ಒಂದು ಬ್ರೆಡ್ಡಾದರೂ ಹನ್ನೆರಡಾದರೂ ಲೆಕ್ಕ ಬದಲಾಗುವುದಿಲ್ಲ. ಹಿಟ್ಟು ನೀರು ಎರಡನ್ನೇ ಕಲಸಿ ಮೊದಲು ಅರ್ಧ ಗಂಟೆ ಬಿಡುತ್ತೇನೆ. ಫ್ರಾನ್ಸಿನ ಬ್ರೆಡ್ ಶಿಕ್ಷಕ ರೇಮೋಂ ಕಾಲ್ವೆಲ್ 1974ರಲ್ಲಿ ತೋರಿಸಿಕೊಟ್ಟ ಕ್ರಮ ಇದು. ನೀರುಂಡ ಹಿಟ್ಟು ತಾನೇ ಎಳೆ ಕಟ್ಟಿಕೊಳ್ಳುತ್ತದೆ, ನಾದುವ ಶ್ರಮ ಅರ್ಧಕ್ಕೆ ಇಳಿಯುತ್ತದೆ.

2024 ಮಾರ್ಚ್ 7, ಗುರುವಾರ

ಇವತ್ತಿಡೀ ಚೀಟಿಯ ಕೆಲಸ. ಪೊಟ್ಟಣದ ಮೇಲಿನ ಚೀಟಿಯೇ ನಮ್ಮ ಮೊದಲ ಜಾಹೀರಾತು. ಕೊಂಡವರೆಲ್ಲ ಓದುವ ಜಾಹೀರಾತು ಅದೊಂದೇ.

ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದೆ: ನೀರು, ಮೈದಾ, ಗೋಧಿ ಹಿಟ್ಟು, ಜವೆ ಗೋಧಿ ಹಿಟ್ಟು, ಉಪ್ಪು. ಸ್ಟಾರ್ಟರ್ ಎಂದರೂ ಹಿಟ್ಟು ನೀರೇ. ಹಸಿರು ಚೌಕದೊಳಗೆ ಹಸಿರು ಚುಕ್ಕೆ. ತೂಕ 500 ಗ್ರಾಂ. ಬೇಯುವಾಗ ನೀರಿನ ಪಾಲು ಆವಿಯಾಗಿ ಶೇಕಡಾ 12ರಿಂದ 15ರಷ್ಟು ತೂಕ ಇಳಿಯುತ್ತದೆ, ಹಾಗಾಗಿ 600 ಗ್ರಾಂ ಕಣಕ ತೂಗಿ ಹಾಕುತ್ತೇನೆ. ತಯಾರಿಸಿದ ದಿನ, ಯಾವ ದಿನದೊಳಗೆ ತಿನ್ನಬೇಕು, ಬೆಲೆ, ನೋಂದಣಿ ಸಂಖ್ಯೆ. ಇವೆಲ್ಲದರ ಕೆಳಗೆ ದಪ್ಪಕ್ಷರದಲ್ಲಿ: “ಗೋಧಿಯ ಗ್ಲುಟೆನ್ ಇದೆ.”

ಪರಿಚಯದವರೊಬ್ಬರು ಸಲಹೆ ಕೊಟ್ಟರು, “ಸಕ್ಕರಿ ಕಾಯಿಲಿಯವರಿಗೆ ಛಲೋ ಅಂತ ಒಂದ ಸಾಲು ಹಾಕ್ರಿ, ಓಡತೈತಿ.” ಓಡಬಹುದು. ಆದರೂ ಆ ಸಾಲನ್ನು ನಾನು ಬರೆಯುವುದಿಲ್ಲ. ಆಹಾರದ ಜಾಹೀರಾತಿಗೂ ಗುಣ ಹೇಳಿಕೊಳ್ಳುವುದಕ್ಕೂ 2018ರಿಂದ ನಿಯಮಗಳಿವೆ, ರೋಗ ವಾಸಿಯಾಗುತ್ತದೆ ಎಂದು ಬಾಯಿಗೆ ಬಂದಂತೆ ಹೇಳುವ ಹಾಗಿಲ್ಲ. ನಿಯಮ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ದೀರ್ಘ ಹುದುಗಿನಲ್ಲಿ ಹುಳಿ ಏರಿದಾಗ ಧಾನ್ಯದಲ್ಲಿರುವ ಫೈಟೇಸ್ ಎಂಬ ಕಿಣ್ವ ಚುರುಕಾಗಿ, ಕಬ್ಬಿಣ ಸತುವಿನಂಥ ಖನಿಜಗಳನ್ನು ಬಿಡಿಸಿಕೊಡುತ್ತದೆ. ಇದು ನಿಜ, ಕೇಳಿದವರಿಗೆ ಹೇಳುತ್ತೇನೆ. ಆದರೆ ಗ್ಲುಟೆನ್ ಪೂರ್ತಿ ಹೋಗುವುದಿಲ್ಲ. ಸೀಲಿಯಾಕ್ ಕಾಯಿಲೆ ಇರುವವರು ಗೋಧಿಯ ಸಾವರ್‌ಡೋ ಮುಟ್ಟಲೇಬಾರದು. ಒಂದು ಮಗು ನನ್ನ ಚೀಟಿ ನಂಬಿ ತಿಂದು ಹೊಟ್ಟೆ ಹಿಡಿದುಕೊಂಡು ನರಳಿದರೆ, ಆಮೇಲೆ ಯಾವ ಪ್ರಚಾರ ಯಾರಿಗೆ ಬೇಕು?

ಬೆಲೆ 160 ರೂಪಾಯಿ. ಪಕ್ಕದ ಓಣಿಯಲ್ಲಿ ಜೋಳದ ರೊಟ್ಟಿ ಕೇಂದ್ರ ನಡೆಸುವ ಅಕ್ಕನನ್ನು ಕೇಳಿ ಗೊತ್ತುಮಾಡಿದ್ದು. ಅವರು ಹೇಳಿದ ಮಾತು ಬರೆದಿಟ್ಟುಕೊಳ್ಳುತ್ತೇನೆ: “ರೊಕ್ಕಾ ಕಡಿಮಿ ಮಾಡಬ್ಯಾಡ್ರಿ. ಒಮ್ಮೆ ಇಳಸಿದ್ರ ಏರಸಾಕ ಬರೂದಿಲ್ಲ. ಬೇಕಾದ್ರ ಒಂದ ತುಂಡ ಹೆಚ್ಚಿಗಿ ತಿನ್ನಾಕ ಕೊಡ್ರಿ.”

2024 ಮಾರ್ಚ್ 23, ಶನಿವಾರ

ಕರ್ನಾಟಕ ಕಾಲೇಜಿನ ಮೈದಾನಕ್ಕೆ ಬೆಳಗಿನ ವಾಯುವಿಹಾರಕ್ಕೆ ಬರುವವರಿಗೆ ರುಚಿ ತೋರಿಸಲು ಹೋಗಿದ್ದೆ. ತೆಳುವಾಗಿ ಕೊಯ್ದ ತುಂಡು, ಮೇಲೆ ಮನೆಯ ಬೆಣ್ಣೆ, ಕೆಲವಕ್ಕೆ ಗುರೆಳ್ಳು ಚಟ್ನಿ, ಕೆಲವಕ್ಕೆ ಶೇಂಗಾ ಚಟ್ನಿ. ಹತ್ತಿರ ಒಂದು ಹಾಳೆ, ವಾಟ್ಸಾಪ್ ಸಂಖ್ಯೆ ಬರೆಯುವವರಿಗೆ.

ಹಿರಿಯರೊಬ್ಬರು ಕೈಯಲ್ಲಿ ಹಿಡಿದು ನೋಡಿ ಹೇಳಿದರು, “ಬ್ರೆಡ್ ಅಂದ್ರ ಜ್ವರಾ ಬಂದಾಗ ತಿನ್ನೂದ್ರಿ ಬಾಯಾರ. ಇದು ಇಷ್ಟ ಗಟ್ಟಿ ಐತಿ.” ನಮ್ಮ ಕಡೆ ಅನೇಕರ ಮನಸ್ಸಿನಲ್ಲಿ ಬ್ರೆಡ್ಡು ಎಂದರೆ ಆಸ್ಪತ್ರೆ, ಹಾಲು, ಹಾಸಿಗೆ. ನಾನು ಸಿಪ್ಪೆಯ ತುಣುಕೊಂದನ್ನು ಮುರಿದು ಕೈಗೆ ಕೊಟ್ಟೆ. ಕಟಕ್ ಎಂದಿತು. “ಕಟಕ ರೊಟ್ಟಿ ತಿಂದವರು ನೀವು, ಇದೇನ ಗಟ್ಟಿ ಆದೀತ್ರಿ?” ಎಂದೆ. ಚಟ್ನಿ ಹಚ್ಚಿದ ತುಂಡನ್ನು ನಿಧಾನವಾಗಿ ತಿಂದರು. ಆಮೇಲೆ ತಾವೇ ಇನ್ನಿಬ್ಬರನ್ನು ಕರೆದು, “ಸಿಪ್ಪಿ ತಿನ್ರಿ ಮೊದಲ” ಎಂದರು.

ಇವತ್ತು ಕಲಿತದ್ದು ದೊಡ್ಡದು. ಈ ಬ್ರೆಡ್ಡಿನ ಗಟ್ಟಿ ಸಿಪ್ಪೆಯನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ಒಣ ರೊಟ್ಟಿಯನ್ನು ಪ್ರೀತಿಯಿಂದ ಮುರಿದು ತಿನ್ನುವ ಊರು ಇದು. ಆವಕಾಡೊ ಇಟ್ಟ ಚಿತ್ರಗಳನ್ನು ಬಿಟ್ಟು, ಬದನೆಕಾಯಿ ಎಣ್ಣೆಗಾಯಿ ಪಕ್ಕದಲ್ಲಿ, ಗಟ್ಟಿ ಮೊಸರು ಕೆಂಪು ಚಟ್ನಿಯ ಪಕ್ಕದಲ್ಲಿ ಇಟ್ಟು ತೋರಿಸಬೇಕು. ಕೊಳ್ಳುವವರಿಗೆ ಇದು ತಮ್ಮ ತಾಟಿನಲ್ಲಿ ಎಲ್ಲಿ ಕೂರುತ್ತದೆ ಎನ್ನುವುದು ಕಾಣಬೇಕು. ಅದು ಕಂಡರೆ ಉಳಿದ ಮಾತು ಅವರೇ ಆಡುತ್ತಾರೆ.

2024 ಏಪ್ರಿಲ್ 14, ಭಾನುವಾರ

ಯುಗಾದಿ ಕಳೆದ ಮೇಲೆ ಬಿಸಿಲು ಸುಡುತ್ತಿದೆ. ಅಡುಗೆಮನೆಯಲ್ಲಿ ಮಧ್ಯಾಹ್ನ 34 ಡಿಗ್ರಿ. ಜನವರಿಯಲ್ಲಿ ಏಳೆಂಟು ಗಂಟೆ ತೆಗೆದುಕೊಳ್ಳುತ್ತಿದ್ದ ಹುದುಗು ಈಗ ನಾಲ್ಕು ಗಂಟೆಗೆ ಮುಗಿಯುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಹುದುಗಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಸಿಗೆಯ ಕ್ರಮ ಬೇರೆ ಮಾಡಿದ್ದೇನೆ: ಸ್ಟಾರ್ಟರನ್ನು 20ರಿಂದ 10ಕ್ಕೆ ಇಳಿಸಿದೆ, ಮಣ್ಣಿನ ಕೊಡದ ತಣ್ಣೀರು, ಕಣಕ ಕಲಸುವುದು ಸಂಜೆ ಆರರ ನಂತರ. ಅರ್ಧರ್ಧ ಗಂಟೆಗೆ ಒದ್ದೆ ಕೈಯಿಂದ ಅಂಚನ್ನು ಎತ್ತಿ ಮಡಚಿ, ಅರ್ಧದಷ್ಟು ಉಬ್ಬಿದೊಡನೆ ಉಂಡೆ ಕಟ್ಟಿ, ಬೆತ್ತದ ಬುಟ್ಟಿಯಲ್ಲಿ 4 ಡಿಗ್ರಿಯ ಫ್ರಿಜ್ಜಿಗೆ.

ರುಚಿಯೂ ಋತುವಿನೊಡನೆ ತಿರುಗುತ್ತದೆ. ಬೆಚ್ಚಗಿನ, ನೀರು ಹೆಚ್ಚಿರುವ ಹುದುಗಿನಲ್ಲಿ ಮೊಸರಿನ ಬಗೆಯ ಲ್ಯಾಕ್ಟಿಕ್ ಹುಳಿ ಮುಂದಾಗುತ್ತದೆ. ಗಟ್ಟಿ, ತಂಪು ಹುದುಗಿನಲ್ಲಿ ವಿನೆಗರ್‌ನ ಅಸಿಟಿಕ್ ಖಾರ. ಕೊಳ್ಳುವವರೊಬ್ಬರು “ಈ ವಾರ ಹುಳಿ ಕಡಿಮಿ ಐತಲ್ರಿ” ಎಂದು ಗುರುತಿಸಿದರು. ಬಿಸಿಲಿನ ಮಾತನ್ನು ಅವರಿಗೆ ಬಿಡಿಸಿ ಹೇಳಿದೆ. ಇನ್ನು ಪ್ರತಿ ಶುಕ್ರವಾರದ ಸಂದೇಶದಲ್ಲಿ ಒಂದು ಸಾಲು ಹವೆಯ ಬಗ್ಗೆ, ಹಿಟ್ಟಿನ ಬಗ್ಗೆ ಬರೆಯುತ್ತೇನೆ. ತಾವು ತಿನ್ನುವುದು ಹೇಗೆ ಆಯಿತು ಎಂದು ತಿಳಿದವರು ಬರೀ ಗಿರಾಕಿಗಳಾಗಿ ಉಳಿಯುವುದಿಲ್ಲ.

ನಿನ್ನೆ ನಸುಕಿನಲ್ಲಿ ಕರೆಂಟ್ ಹೋಯಿತು, ಮಧ್ಯೆ ಒಂದು ಜೋಡಿ ಒಳಗಿತ್ತು. ಬೀಡಿನ ಪಾತ್ರೆ ಶಾಖ ಹಿಡಿದಿಟ್ಟುಕೊಂಡಿತು. ಮುಚ್ಚಳದ ಕೆಳಗಿನ ಹಬೆ ಮೇಲ್ಮೈಯನ್ನು ಒಣಗಲು ಬಿಡದೆ ಕಾಯ್ದಿತು. ಕರೆಂಟ್ ಬಂದ ಮೇಲೆ ಮುಚ್ಚಳ ತೆಗೆದು 230 ಡಿಗ್ರಿಯಲ್ಲಿ ಬಣ್ಣ ಬರಿಸಿದೆ. ನಡುಭಾಗದ ಶಾಖ 97 ಡಿಗ್ರಿ ಮುಟ್ಟಿದ್ದನ್ನು ಕಡ್ಡಿ ಥರ್ಮಾಮೀಟರಿನಲ್ಲಿ ನೋಡಿಯೇ ಹೊರತೆಗೆದೆ.

2024 ಮೇ 5, ಭಾನುವಾರ

ಇನ್‌ಸ್ಟಾಗ್ರಾಂನಲ್ಲಿ ಊಟ ತಿಂಡಿಯ ರೀಲ್ ಮಾಡುವ ಹುಡುಗನೊಬ್ಬ ಬಂದಿದ್ದ. ಒಳ್ಳೆಯ ಹುಡುಗ, ಕ್ಯಾಮೆರಾ ಕೈ ಚೆನ್ನಾಗಿದೆ. ರೀಲಿಗೆ ಇಷ್ಟು ದುಡ್ಡು ಎಂದು ನೇರ ಹೇಳಿದ. ಹಣ ಪಡೆದದ್ದನ್ನು ನೋಡುವವರಿಗೆ ತಿಳಿಸುತ್ತೀಯಾ ಎಂದು ಕೇಳಿದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ, ದುಡ್ಡಿಗೋ ಉಡುಗೊರೆಗೋ ಹೊಗಳಿದರೆ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಕಾಣಿಸಬೇಕು ಎಂದು ಹೇಳಿದೆ. “ಹಂಗ ಹಾಕಿದ್ರ ಮಂದಿ ನೋಡೂದಿಲ್ರಿ ಅಕ್ಕಾರ” ಎಂದ.

ಒಪ್ಪಲಿಲ್ಲ. ಕಾರಣ ಬರಿಯ ನಿಯಮವಲ್ಲ. ರೀಲು ಹೋಗಿ ಇನ್ನೂರು ಜನ ಬಾಗಿಲಿಗೆ ಬಂದರು ಎಂದುಕೊಳ್ಳೋಣ. ಹನ್ನೆರಡು ಜನರಿಗೆ ಕೊಟ್ಟು ಉಳಿದವರಿಗೆ ಏನು ಹೇಳಲಿ? ಬರಿಗೈಯಲ್ಲಿ ಹೋದವರು ಮರಳಿ ಬರುವುದಿಲ್ಲ; ನಮ್ಮ ಹೆಸರು ಕೇಳಿದಾಗ ಅವರಿಗೆ ನೆನಪಾಗುವುದು ಆ ಬರಿಗೈ ಮಾತ್ರ. ಓವನ್ನಿನ ಅಳತೆ ಮೀರಿದ ಪ್ರಚಾರ ಸಣ್ಣ ಉದ್ಯೋಗಕ್ಕೆ ನಷ್ಟ.

ಆ ದುಡ್ಡಿನಲ್ಲಿ ತಿಂಗಳಿಗೆ ನಾಲ್ಕು ಬ್ರೆಡ್ಡನ್ನು ರುಚಿಗಾಗಿ ಎತ್ತಿಡುವುದು ಎಂದು ತೀರ್ಮಾನಿಸಿದ್ದೇನೆ. ಒಂದು ಕೃಷಿ ವಿಶ್ವವಿದ್ಯಾಲಯದ ಕ್ವಾರ್ಟರ್ಸಿಗೆ, ಒಂದು ಐಐಟಿಯ ಕಡೆಗೆ, ಒಂದು ಸಪ್ತಾಪುರದ ಓದುವ ಮಕ್ಕಳ ಪೀಜಿಗಳಿಗೆ, ಒಂದು ನಮ್ಮ ಓಣಿಗೆ.

ಖರ್ಚಿಲ್ಲದ ಕೆಲಸಗಳನ್ನು ಮಗಳು ಕೂತು ಮಾಡಿಕೊಟ್ಟಳು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಬ್ರೆಡ್ಡಿನ ಚಿತ್ರ, ತೂಕ, ಬೆಲೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಇದು ಒಳ್ಳೆಯದೇ. ಬೇಡದವರ ಫೋನನ್ನು ನಾವು ಬಡಿಯುವುದಿಲ್ಲ. ಬ್ರೆಡ್ಡು ಕೊಡುವಾಗ “ನಂಬರ್ ಇಟ್ಟಕೋರಿ” ಎಂದು ಕೇಳುತ್ತೇನೆ. ಇಟ್ಟುಕೊಂಡವರು ನಿಜವಾಗಿ ಬೇಕಾದವರು. ಗೂಗಲ್ ನಕಾಶೆಯಲ್ಲೂ ಗುರುತು ಹಾಕಿದ್ದಾಯಿತು, ಶನಿವಾರ ಹತ್ತರಿಂದ ಒಂದರವರೆಗೆ ಮಾತ್ರ ತೆರೆದಿರುತ್ತದೆ ಎಂದು.

2024 ಜೂನ್ 16, ಭಾನುವಾರ

ಜಿಟಿಜಿಟಿ ಮಳೆ ಹಿಡಿದಿದೆ. ಅಡುಗೆಮನೆ 24 ಡಿಗ್ರಿ. ಸ್ಟಾರ್ಟರ್ ಸಮಾಧಾನದಿಂದ ಏರುತ್ತದೆ, ಕಣಕ ಕೈಗೆ ಹದವಾಗಿ ಸಿಗುತ್ತದೆ. ವರ್ಷದ ಅತ್ಯುತ್ತಮ ಬ್ರೆಡ್ಡು ಈ ತಿಂಗಳುಗಳದು.

ಪತ್ರಿಕೆಯವರಿಗೆ ಕಳಿಸಲು ಒಂದು ಪುಟದ ಟಿಪ್ಪಣಿ ಬರೆದೆ. ಮೊದಲು ಬರೆದ ಕರಡು ನಮ್ಮ ಯಜಮಾನರಿಗೆ ಹಿಡಿಸಲಿಲ್ಲ. “ನೀ ಬ್ರೆಡ್ ಮಾಡತೀ ಅನ್ನೋದು ಸುದ್ದಿ ಅಲ್ಲ. ಓದುವವನಿಗೆ ಇದರಾಗ ಏನೈತಿ?” ಮೂವತ್ತು ವರ್ಷ ಕಚೇರಿಯಲ್ಲಿ ಪತ್ರ ಓದಿದವರು, ಅವರ ಮಾತು ಸರಿ. ಸುದ್ದಿ ಇರುವುದು ಜವೆ ಗೋಧಿಯಲ್ಲಿ. ಹೊಲದಿಂದ ಮೆಲ್ಲನೆ ಮರೆಯಾಗುತ್ತಿದ್ದ ಬೆಳೆ. ಇಲ್ಲಿಯ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟು ಅದನ್ನು ಉಳಿಸಲು ದುಡಿದಿದೆ. ಬೆಳೆಯುವವನಿಗೆ ಹುಗ್ಗಿ, ಶಾವಿಗೆ, ರವೆಯ ಹೊರಗೂ ಕೊಳ್ಳುವವರು ಸಿಗಬೇಕು. ಬ್ರೆಡ್ಡು ಅಂಥ ಒಂದು ದಾರಿ. ಇದನ್ನು ಮೇಲಿನ ಸಾಲಿಗೆ ತಂದೆ. ಆಮೇಲೆ ಎಲ್ಲಿ, ಎಂದು, ಎಷ್ಟು, ಬೆಲೆ ಏನು. ನನ್ನ ವಿಚಾರ ಕೊನೆಗೆ ಎರಡು ಸಾಲು.

ಫೋಟೋ ಬೆಳಗಿನ ಕಿಟಕಿಯ ಬೆಳಕಿನಲ್ಲಿ ತೆಗೆದದ್ದು: ಕೊಯ್ದ ಮುಖ ಎದುರಿಗೆ, ಪಕ್ಕದಲ್ಲಿ ಹೊಟ್ಟು ಸಹಿತ ಜವೆ ತೆನೆ. ಫ್ಲ್ಯಾಶ್ ಬೆಳಕಿನಲ್ಲಿ ಸಿಪ್ಪೆಯ ಕಂದುಬಣ್ಣ ಸತ್ತುಹೋಗುತ್ತದೆ.

ಸ್ಥಳೀಯ ಪುರವಣಿಯೊಂದರ ವರದಿಗಾರ್ತಿ ಬುಧವಾರವೇ ಬಂದಳು. ಒಳ್ಳೆಯ ಪ್ರಶ್ನೆ ಕೇಳಿದಳು. ಗೋಧಿ ಯಾರಿಂದ, ಕಿಲೋಗೆ ಎಷ್ಟು ಕೊಡುತ್ತೀರಿ, ಪೂರ್ತಿ ಜವೆಯಲ್ಲೇ ಯಾಕೆ ಮಾಡುವುದಿಲ್ಲ? ಹೆಚ್ಚಿಸಿದರೆ ಬ್ರೆಡ್ಡು ಚಪ್ಪಟೆಯಾಗುತ್ತದೆ, 15ಕ್ಕೆ ಹದ ನಿಂತಿದೆ ಎಂದು ಹಾಗೆಯೇ ಹೇಳಿದೆ. “ಶೇಕಡಾ 15 ಜವೆ” ಎಂದೇ ಬರೆಯಬೇಕು, “ಜವೆ ಗೋಧಿಯ ಬ್ರೆಡ್ಡು” ಎಂದು ಮಾತ್ರ ಬೇಡ ಎಂದು ಕೇಳಿಕೊಂಡೆ. ಬರೆದುಕೊಂಡಳು.

2024 ಜೂನ್ 30, ಭಾನುವಾರ

ಬರಹ ಬಂತು. ಶೇಕಡಾ 15 ಎಂದೇ ಅಚ್ಚಾಗಿದೆ. ಮೂರು ದಿನ ಫೋನಿಗೆ ಬಿಡುವಿಲ್ಲ. ಹುಬ್ಬಳ್ಳಿಯಿಂದ, ಬೆಳಗಾವಿಯಿಂದ, ಗದಗದಿಂದಲೂ ಕರೆ. ಅತ್ತೆಯವರು ಫೋನ್ ಎತ್ತಿ “ಈ ವಾರದ್ದು ಮುಗದೈತ್ರಿ, ಹೆಸರ ಹೇಳ್ರಿ, ಬರದಕೋತೀನಿ” ಎಂದು ಹಳೆಯ ದಿನಸಿ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದರು.

ಹೆಚ್ಚಿಗೆ ಮಾಡಿ ಕೊಡುವ ಆಸೆ ಬಲವಾಗಿಯೇ ಬಂತು. ಹುದುಗಿನ ಹೊತ್ತು ಕಡಿಮೆ ಮಾಡಿ, ಚಿಟಿಕೆ ಪ್ಯಾಕೆಟ್ ಈಸ್ಟ್ ಬಿದ್ದರೆ ಮೂರು ತಾಸಿಗೆ ಉಬ್ಬುತ್ತದೆ, ಇಪ್ಪತ್ತು ಬ್ರೆಡ್ಡೂ ಆಗಬಹುದು. ಆದರೆ ಅದು ಓದಿ ಬಂದವರು ಕೇಳಿದ ಬ್ರೆಡ್ಡಲ್ಲ. ಬರಹ ಓದಿ ಮೊದಲ ಸಲ ಕೊಳ್ಳುವವನಿಗೆ ಸಿಗುವ ಬ್ರೆಡ್ಡು ನಮ್ಮ ಅತ್ಯುತ್ತಮ ಬ್ರೆಡ್ಡೇ ಆಗಿರಬೇಕು. ಪ್ರಚಾರ ಬಂದ ವಾರ ಹೆಚ್ಚು ಎಚ್ಚರ ಬೇಕಾದ ವಾರ.

ಲೈನ್ ಬಜಾರಿನ ಠಾಕೂರ್ ಪೇಢೆಯ ಅಂಗಡಿಯ ಮುಂದೆ ನಾವೆಲ್ಲ ಸಾಲು ನಿಂತವರೇ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಮನೆತನ ಈ ಊರಿನ ಎಮ್ಮೆ ಹಾಲಿನಲ್ಲಿ ಕೈ ಕೂಡಿಸಿಕೊಂಡು ಮಾಡಿದ ಪೇಢೆ ಇಂದು ಊರಿನ ಹೆಸರನ್ನೇ ಹೊತ್ತಿದೆ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ತೀರಿದರೆ ತೀರಿತು, ನಾಳೆ ಬರಬೇಕು. ಅದಕ್ಕೆ ಸಿಟ್ಟಾದವರನ್ನು ನಾನು ಕಂಡಿಲ್ಲ. ಸಾಲಿನಲ್ಲಿ ನಿಂತವನಿಗೆ ಗೊತ್ತು, ಬೇಗ ಮಾಡಿಕೊಡಲು ಹೋದರೆ ಖವಾ ಕೆಂಪಾಗುವ ಮುಂಚೆ ಒಲೆಯಿಂದ ಇಳಿಸಬೇಕಾಗುತ್ತದೆ.

2024 ಜುಲೈ 21, ಭಾನುವಾರ

ಗೋವಾದ ಮಡಗಾಂವದಲ್ಲಿರುವ ತಂಗಿಯ ಮನೆಗೆ ಬಂದಿದ್ದೇನೆ. ಬೆಳಿಗ್ಗೆ ಬ್ರೆಡ್ಡು ಮಾರುವ ಪೊದೇರನ ಸೈಕಲ್ ಹಾರ್ನ್ ಕೇಳಿಸಿತು. ಪೋಂ ಪೋಂ ಎಂಬ ಆ ಸದ್ದಿಗೆ ಓಣಿಯ ಬಾಗಿಲುಗಳು ತೆರೆದವು. ಬುಟ್ಟಿಯ ತುಂಬ ಉಂಡೆ, ಪೊಯಿ. ಪೋರ್ಚುಗೀಸರ ಕಾಲದಲ್ಲಿ ಬ್ರೆಡ್ಡು ಇಲ್ಲಿಗೆ ಬಂದಾಗ ಈಸ್ಟ್ ಸಿಗುತ್ತಿರಲಿಲ್ಲ. ತೆಂಗಿನ ಶೇಂದಿಯಿಂದ ಹಿಟ್ಟು ಹುದುಗಿಸಿದರು. ಗಾಳಿಯ, ಮರದ ಸೂಕ್ಷ್ಮಜೀವಿಗಳನ್ನು ನಂಬಿ ಬ್ರೆಡ್ಡು ಮಾಡಿದವರು ನಮ್ಮ ಕಡಲತೀರದಲ್ಲೂ ಇದ್ದರು ಎನ್ನುವುದು ನನಗೆ ಹೆಮ್ಮೆ. ಈಗ ಬಹುಮಟ್ಟಿಗೆ ಪೇಟೆಯ ಈಸ್ಟೇ.

ಆ ಹಾರ್ನಿಗಿಂತ ಒಳ್ಳೆಯ ಜಾಹೀರಾತು ನಾನು ಕಂಡಿಲ್ಲ. ಅದು ಏನನ್ನೂ ಹೊಗಳುವುದಿಲ್ಲ. ಬ್ರೆಡ್ಡು ಬಂದಿದೆ, ಬಿಸಿಯಾಗಿದೆ, ದಿನದ ಹೊತ್ತಿಗೇ ಬಂದಿದೆ ಎಂದಷ್ಟೇ ಹೇಳುತ್ತದೆ. ಹೊತ್ತು ತಪ್ಪದ ಬರವೇ ಅದರ ಬಲ. ನಮ್ಮ ಶುಕ್ರವಾರ ಸಂಜೆಯ ಸಂದೇಶ ಆರು ಗಂಟೆಗೆ ಎಂದರೆ ಆರು ಗಂಟೆಗೇ ಹೋಗಬೇಕು.

ಬ್ರೆಡ್ಡಿಗೆ ಗುರುತು ಹಾಕುವುದೂ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಹುಗಿದುಹೋದ ಹರ್ಕುಲೇನಿಯಂ ಊರಿನಲ್ಲಿ ಇದ್ದಲಾದ ಬ್ರೆಡ್ಡೊಂದು ಸಿಕ್ಕಿದೆ. ಅದರ ಮೇಲೆ ಮುದ್ರೆಯೊತ್ತಿ ಕೆಲೆರ್ ಎಂಬ ದಾಸನ ಹೆಸರು, ಅವನ ಒಡೆಯನ ಹೆಸರು. ಪ್ಯಾರಿಸ್ಸಿನಲ್ಲಿ 1932ರಲ್ಲಿ ಪಿಯೇರ್ ಪ್ವಾಲಾನ್ ತೆರೆದ ಬೇಕರಿಯ ಸುಮಾರು ಎರಡು ಕಿಲೋ ತೂಗುವ ದುಂಡು ಸಾವರ್‌ಡೋ ಮೇಲೆ ಬ್ಲೇಡಿನಲ್ಲಿ ಗೀರಿದ ‘ಪಿ’ ಅಕ್ಷರ ಇಂದಿಗೂ ಅದರ ಗುರುತು. ಗೀರುವುದು ಬರೀ ಚಂದಕ್ಕಲ್ಲ. ಓವನ್ನಿನೊಳಗೆ ಹಿಗ್ಗುವ ಆವಿಗೆ ದಾರಿ ಬೇಕು. ನಾವು ಬಿಡಿಸದಿದ್ದರೆ ಬ್ರೆಡ್ಡು ತನಗೆ ಕಂಡಲ್ಲಿ ಒಡೆಯುತ್ತದೆ. ಆ ಗೀರನ್ನೇ ಗುರುತು ಮಾಡಿಕೊಳ್ಳಬಹುದು. ನನ್ನದು ಜವೆಯ ತೆನೆ: ಒಂದು ಉದ್ದ ಗೀರು, ಎರಡೂ ಬದಿಗೆ ಮೂರು ಮೂರು ಓರೆ ಗೀರು. ಚೀಟಿ ಕಿತ್ತುಹೋದರೂ ಬ್ರೆಡ್ಡು ಯಾರದೆಂದು ಗೊತ್ತಾಗಬೇಕು.

2024 ಆಗಸ್ಟ್ 25, ಭಾನುವಾರ

ಮನೆಯಲ್ಲೇ ಮಾಡಿಕೊಳ್ಳಲು ಬಯಸುವವರಿಗೆ ಇವತ್ತು ಹೇಳಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. “ಎಲ್ಲಾರೂ ಕಲತರ ನಿಮ್ಮ ಬ್ರೆಡ್ ಯಾರ ತಗೋತಾರ್ರಿ?” ಎಂದು ಒಬ್ಬಳು ನನ್ನ ಪರವಾಗಿ ಚಿಂತಿಸಿದಳು. ಒಮ್ಮೆ ಮಾಡಿ ನೋಡಿದವಳಿಗೆ 160 ರೂಪಾಯಿ ಯಾಕೆ ಎನ್ನುವುದು ಗೊತ್ತಾಗುತ್ತದೆ. ಅವಳು ಬೇರೆ ನಾಲ್ಕು ಜನರಿಗೆ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಹೇಳಿಕೊಟ್ಟದ್ದನ್ನು ಇಲ್ಲಿಯೂ ಬರೆದಿಡುತ್ತೇನೆ. ಗಾಜಿನ ಬಾಟಲಿಯಲ್ಲಿ 50 ಗ್ರಾಂ ಗಿರಣಿ ಗೋಧಿ ಹಿಟ್ಟು, 50 ಗ್ರಾಂ ನೀರು. ದಿನವೂ ಅರ್ಧ ತೆಗೆದು ಅಷ್ಟೇ ಹೊಸದು ಹಾಕಬೇಕು. ಎರಡು ಮೂರನೆಯ ದಿನ ಭರ್ರನೆ ಉಕ್ಕುತ್ತದೆ. ಅದನ್ನು ನಂಬಬಾರದು, ಅದು ಈಸ್ಟ್ ಅಲ್ಲ, ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೋನೋಸ್ಟಾಕ್ ಬಳಗದಂಥ ಬ್ಯಾಕ್ಟೀರಿಯಾಗಳ ಗದ್ದಲ. ಹುಳಿ ಏರಿದಂತೆ ಅವು ಅಡಗುತ್ತವೆ, ಬಾಟಲಿ ಸುಮ್ಮನಾಗುತ್ತದೆ. ಕೆಟ್ಟಿತು ಎಂದು ಬಹಳ ಮಂದಿ ಚೆಲ್ಲುವುದು ಇದೇ ಹೊತ್ತಿಗೆ. ಚೆಲ್ಲಬಾರದು. ಆ ಹುಳಿಯನ್ನು ತಾಳಬಲ್ಲ ಕಾಡು ಈಸ್ಟ್, ಲ್ಯಾಕ್ಟೋಬ್ಯಾಸಿಲಸ್ ಬಳಗ ನಿಧಾನಕ್ಕೆ ಹೆಚ್ಚುತ್ತವೆ. ಒಂದೆರಡು ವಾರದಲ್ಲಿ ಹಾಕಿದ ಹಿಟ್ಟು ನಾಲ್ಕಾರು ಗಂಟೆಗೆ ಎರಡು ಪಟ್ಟಾಗತೊಡಗಿದರೆ ಸ್ಟಾರ್ಟರ್ ಸಿದ್ಧ. ಆಮೇಲೆ ಮೊಸರಿನ ಹೆಪ್ಪನ್ನು ಉಳಿಸಿಕೊಂಡ ಹಾಗೆ ಉಳಿಸಿಕೊಂಡು ಹೋಗುವುದು. ತೆಗೆದ ಅರ್ಧವನ್ನು ದೋಸೆಗೆ, ತಾಲಿಪಟ್ಟಿಗೆ ಕಲಸಿಕೊಳ್ಳಬಹುದು.

ಸಾನ್ ಫ್ರಾನ್ಸಿಸ್ಕೋದಲ್ಲಿ 1849ರಿಂದ ಒಂದೇ ಸ್ಟಾರ್ಟರನ್ನು ಸಾಕಿಕೊಂಡು ಬಂದಿರುವ ಬೂಡಿನ್ ಬೇಕರಿಯ ವಿಚಾರ ಕೇಳಿ ಒಬ್ಬಳು ಬೆರಗಾದಳು. ಆ ಊರಿನ ಹುಳಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು 1971ರಲ್ಲಿ ಗುರುತಿಸಿ ಊರಿನ ಹೆಸರನ್ನೇ ಇಟ್ಟರು; ಆಮೇಲೆ ಅದು ಜಗತ್ತಿನ ಎಷ್ಟೋ ಕಡೆಯ ಸ್ಟಾರ್ಟರುಗಳಲ್ಲಿ ಸಿಕ್ಕಿತು. ಇದು ಯಾವ ಒಂದು ಊರಿನ ಸ್ವತ್ತೂ ಅಲ್ಲ.

ಹೇಳಿಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಸಾವರ್‌ಡೋ ಎಂಬ ಹೆಸರಿಗೆ ಬೆಲೆ ಬಂದೊಡನೆ, ಈಸ್ಟ್ ಹಾಕಿ ಹುಳಿಗೆ ವಿನೆಗರ್ ಸೇರಿಸಿದ ಬ್ರೆಡ್ಡೂ ಅದೇ ಹೆಸರಿನಲ್ಲಿ ಬರುತ್ತದೆ. ಬ್ರಿಟನ್ನಿನಲ್ಲಿ 2008ರಿಂದ ನಡೆದಿರುವ ರಿಯಲ್ ಬ್ರೆಡ್ ಕ್ಯಾಂಪೇನ್ ಇದರ ವಿರುದ್ಧ ದನಿ ಎತ್ತುತ್ತಲೇ ಇದೆ. ಸೆಪ್ಟೆಂಬರ್ ತಿಂಗಳನ್ನು ಸಾವರ್‌ಡೋಗೆ ಮೀಸಲಿಟ್ಟು ಜನರಿಗೆ ಮನೆಯಲ್ಲಿ ಮಾಡಲು ಕಲಿಸುತ್ತದೆ. ಮಾಡಲು ಬಲ್ಲ ಗಿರಾಕಿ ಚೀಟಿ ಓದುತ್ತಾಳೆ, ಈಸ್ಟ್ ಎಂದು ಕಂಡರೆ ಕೇಳುತ್ತಾಳೆ. ನನ್ನ ಚೀಟಿಯನ್ನೂ ಅವಳು ಹಾಗೆಯೇ ಓದಲಿ.

2024 ಸೆಪ್ಟೆಂಬರ್ 29, ಭಾನುವಾರ

ಅತ್ತೆಯವರ ದಿನಸಿ ಪುಸ್ತಕದಲ್ಲಿ ಮುಂದಿನ ತಿಂಗಳ ಕೊನೆಯವರೆಗೆ ಹೆಸರು ತುಂಬಿದೆ. ಯಾರು ಯಾರಿಂದ ಕೇಳಿ ಬಂದರು ಎಂದು ಬದಿಯಲ್ಲಿ ಗುರುತು ಹಾಕಿಸಿದ್ದೆ. ಪತ್ರಿಕೆ ಓದಿ ಬಂದವರು ಮೊದಲ ತಿಂಗಳು ಹೆಚ್ಚಿದ್ದರು. ಮತ್ತೆ ಮತ್ತೆ ಕೊಳ್ಳುತ್ತಿರುವವರಲ್ಲಿ ಬಹುಪಾಲು ಯಾರದೋ ಮನೆಯಲ್ಲಿ ತಿಂದು ಕೇಳಿಕೊಂಡು ಬಂದವರು. ಪತ್ರಿಕೆ ಬಾಗಿಲು ತೋರಿಸಿತು, ಒಳಗೆ ಕರೆದದ್ದು ಬ್ರೆಡ್ಡು.

ಇನ್ನು ಬೆಳೆಯುವುದಾದರೆ ಮೊದಲು ಒಲೆ, ಆಮೇಲೆ ಮಾತು. ಬುಧವಾರವೂ ಮಾಡುವುದು ಎಂದು ನಿಶ್ಚಯವಾಗಿದೆ. ಕಲಿಯಲು ಬಂದವರಲ್ಲಿ ಕೈ ಚುರುಕಿರುವ ಹುಡುಗಿಯೊಬ್ಬಳು ಸಂಬಳಕ್ಕೆ ಬರುತ್ತಾಳೆ. ಜವೆ ಗೋಧಿಯನ್ನು ಒಬ್ಬ ರೈತರಿಂದಲೇ ವರ್ಷಕ್ಕಾಗುವಷ್ಟು ಮಾತಾಡಿದ್ದೇವೆ, ಅರ್ಧ ಹಣ ಬಿತ್ತನೆಗೆ ಮುಂಚೆ. ಬುಧವಾರದ ಬ್ರೆಡ್ಡು ಶನಿವಾರದಷ್ಟೇ ಚೆನ್ನಾಗಿ ಬರುತ್ತದೆ ಎಂದು ನಮಗೆ ಖಾತ್ರಿಯಾದ ಮೇಲೆ ಗಿರಣಿ, ಕಿರಾಣಿ ಅಂಗಡಿ, ಗ್ರಂಥಾಲಯದ ಫಲಕಕ್ಕೆ ಅಂಟಿಸಲು ಚೀಟಿ ಬರೆದಿಟ್ಟಿದ್ದೇನೆ:

“ಸಾವರ್‌ಡೋ ಬ್ರೆಡ್ಡು. ಮೈದಾ 60, ಗೋಧಿ 25, ಜವೆ ಗೋಧಿ 15, ನೀರು, ಉಪ್ಪು. ಪ್ಯಾಕೆಟ್ ಈಸ್ಟ್, ಸಕ್ಕರೆ, ಎಣ್ಣೆ ಇಲ್ಲ. ಗ್ಲುಟೆನ್ ಇದೆ. 500 ಗ್ರಾಂ, 160 ರೂಪಾಯಿ. ಬುಧವಾರ, ಶನಿವಾರ ಬೆಳಿಗ್ಗೆ 10ರಿಂದ. ದಿನಕ್ಕೆ ಹನ್ನೆರಡು, ತೀರಿದರೆ ಮುಂದಿನ ದಿನಕ್ಕೆ ಹೆಸರು ಬರೆಸಿ. ಕೊಳ್ಳುವ ಮುಂಚೆ ಒಂದು ತುಂಡು ತಿಂದು ನೋಡಿ.”